ಪಿಕಪ್‌ಗೆ ಇನ್ನೊಂದು ಪಟ್ಟಾ ಹಾಕಿಸೋ ಮುಂಚೆ, ಗಾಳಿ ಸ್ಪ್ರಿಂಗ್ ಹೇಗೆ ಕೆಲಸ ಮಾಡುತ್ತೆ ನೋಡಿ

ಹೋದ ತಿಂಗಳು ಒಂದು ದಿನ ಬೆಳಗ್ಗೆ ಆರಕ್ಕೇ ಗೆಳೆಯನೊಬ್ಬ ವಿಡಿಯೋ ಕಾಲ್ ಮಾಡಿದ. "ಗಾಡಿ ಹಿಂದೆ ಕೂತ್ಬಿಟ್ಟಿದೆ ಮಾರಾಯ, ನೋಡು" ಅಂತ ಮೊಬೈಲ್ ತಿರುಗಿಸಿದ. ಮನೆ ಮುಂದೆ ನಿಂತಿದ್ದ ಅವನ ಎಸ್‌ಯುವಿ ಕೆರೆಯಲ್ಲಿ ಕೂತ ಎಮ್ಮೆ ಥರ ಹಿಂಭಾಗ ನೆಲಕ್ಕೆ ಹಚ್ಚಿಕೊಂಡು ಮೂತಿ ಮೇಲೆತ್ತಿಕೊಂಡಿತ್ತು. "ಸ್ಟಾರ್ಟ್ ಮಾಡು" ಅಂದೆ. ಮಾಡಿದ. ಗಾಡಿ ಕೆಳಗಿನಿಂದ ಗುರ್ರ್ ಅಂತ ಸದ್ದು ಬಂತು. ಒಂದು ನಿಮಿಷದೊಳಗೆ ಹಿಂಭಾಗ ನಿಧಾನವಾಗಿ ಮೇಲೆದ್ದು ಸಮಕ್ಕೆ ನಿಂತಿತು.

2023ರ ಜುಲೈನಲ್ಲಿ ಟೊಮೆಟೊ ಚಿಲ್ಲರೆ ದರ ಕೆಜಿಗೆ ನೂರು ರೂಪಾಯಿ ದಾಟಿದ್ದು ನಿಮಗೆ ನೆನಪಿರುತ್ತೆ. ಆ ಹೊತ್ತಿಗೆ ಸರಿಯಾಗಿ ಬೆಳೆ ಇಟ್ಟಿದ್ದ ಕೆಲವರಲ್ಲಿ ಇವನೂ ಒಬ್ಬ. ಆ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ದೊಡ್ಡ ಗಾಡಿ ತಗೊಂಡ. ಹಿಂದಿನ ಚಕ್ರಗಳಿಗೆ ಕಬ್ಬಿಣದ ಸ್ಪ್ರಿಂಗ್ ಬದಲು ಗಾಳಿ ಚೀಲ ಇರುವ ಮಾಡೆಲ್ ಅದು. ಈಗ ಒಬ್ಬ ಗ್ಯಾರೇಜಿನವನು ಎಲ್ಲಾ ಬದಲಾಯಿಸಬೇಕು, ಲಕ್ಷ ದಾಟುತ್ತೆ ಅಂತಾನೆ. ಇನ್ನೊಬ್ಬ ಅದನ್ನೆಲ್ಲ ಕಿತ್ತು ಬಿಸಾಕಿ, ಕಾಯಿಲ್ ಸ್ಪ್ರಿಂಗ್ ಹಾಕ್ತೀನಿ ಅಂತಾನೆ. ಅದೇ ಕಾಲ್‌ನಲ್ಲಿ ಗೆಳೆಯ ಇನ್ನೊಂದು ಪ್ರಶ್ನೆ ಕೇಳಿದ: "ನಮ್ಮ ಪಿಕಪ್‌ಗೆ ಎರಡು ಎಕ್ಸ್‌ಟ್ರಾ ಪಟ್ಟಾ ಹಾಕಿಸಿದ್ರೆ ಹೇಗೆ? ಇನ್ನೊಂದು ಮೂವತ್ತು ಕ್ರೇಟ್ ಹಿಡಿಯುತ್ತೆ."

ಅವನಿಗೆ ಇವು ಎರಡು ಬೇರೆ ಪ್ರಶ್ನೆಗಳು. ನನಗೆ ಒಂದೇ ಪ್ರಶ್ನೆ. ತೋಟಗಾರಿಕೆ ಓದುವಾಗ ಕೊಯ್ಲೋತ್ತರ ನಷ್ಟದ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದವನು ನಾನು. ಆದರೆ ಹಣ್ಣು ಹೊರುವ ಗಾಡಿಯ ಸ್ಪ್ರಿಂಗ್ ಬಗ್ಗೆ ಯೋಚನೆ ಮಾಡಿದ್ದು ಸ್ವಂತ ಟೊಮೆಟೊ ಮಂಡಿಯಲ್ಲಿ ಸೋರುವುದನ್ನು ನೋಡಿದ ಮೇಲೇ. ಹಾಗಾಗಿ ಈ ವಾರ ಗೊಬ್ಬರ, ಔಷಧಿ ಎಲ್ಲ ಬಿಟ್ಟು ಇದನ್ನೇ ಬರೀತಿದೀನಿ.

ಮೊದಲು ಕಬ್ಬಿಣದ ಸ್ಪ್ರಿಂಗ್ ವಿಷಯ. ಪಟ್ಟಾ ಆಗಲಿ, ಕಾಯಿಲ್ ಆಗಲಿ, ಭಾರ ಎಷ್ಟು ಹೆಚ್ಚುತ್ತೋ ಅಷ್ಟೇ ಕೆಳಗೆ ಹೋಗುತ್ತೆ. ಒಂದು ಕ್ವಿಂಟಾಲಿಗೆ 2 ಸೆಂಟಿಮೀಟರ್ ಇಳಿದರೆ ಮೂರು ಕ್ವಿಂಟಾಲಿಗೆ 6 ಸೆಂಟಿಮೀಟರ್. ಕಾರಿನಲ್ಲಿ ಮುಂದಿನ ಚಕ್ರಗಳ ಮೇಲಿನ ಭಾರ ಬಹಳ ಬದಲಾಗಲ್ಲ. ಎಂಜಿನ್ ಯಾವಾಗಲೂ ಅಲ್ಲೇ ಇರುತ್ತೆ, ಡ್ರೈವರ್ ಯಾವಾಗಲೂ ಒಬ್ಬನೇ. ಏರಿಳಿಯೋದೆಲ್ಲ ಹಿಂದೆ: ಹಿಂದಿನ ಸೀಟಿನವರು, ಡಿಕ್ಕಿಯ ಸಾಮಾನು, ಎಳೆಯುವ ಟ್ರೇಲರ್. ಅದಕ್ಕೇ ಎಷ್ಟೋ ಕಂಪನಿಗಳು ಮುಂದೆ ಮಾಮೂಲಿ ಸ್ಪ್ರಿಂಗ್ ಇಟ್ಟು ಹಿಂದೆ ಮಾತ್ರ ಗಾಳಿ ಚೀಲ ಕೊಟ್ಟವು. ತಾನೇ ಮಟ್ಟ ಹಿಡಿಯುವ ಸಸ್ಪೆನ್ಷನ್ ಅಂದರೆ ಹೆಚ್ಚಾಗಿ ಇದೇ.

ಚೀಲ ಅಂದರೆ ಬಲೂನ್ ಅಲ್ಲ. ಟೈರಿನ ಹಾಗೆ ಒಳಗೆ ದಾರದ ಹೆಣಿಗೆ ಇರುವ ದಪ್ಪ ರಬ್ಬರ್ ತೋಳು. ಅದರ ಕೆಳತುದಿ ಒಂದು ಕೊಳವೆಯಂಥ ಪಿಸ್ಟನ್ ಮೇಲೆ ಮಡಚಿಕೊಂಡಿರುತ್ತೆ. ಚಕ್ರ ಮೇಲೆ ಬಂದಾಗ ತೋಳು ಪಿಸ್ಟನ್ ಮೇಲೆ ಉರುಳಿಕೊಂಡು ಇಳಿಯುತ್ತೆ, ಒಳಗಿನ ಗಾಳಿ ಒತ್ತಿಕೊಳ್ಳುತ್ತೆ. ಅದೇ ಸ್ಪ್ರಿಂಗ್. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಒಂದು ಚೀಲದ ಮೇಲೆ 400 ಕೆಜಿ ಭಾರ, ಭಾರ ಹೊರುವ ವಿಸ್ತೀರ್ಣ 80 ಚದರ ಸೆಂಟಿಮೀಟರ್. ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 5 ಕೆಜಿ, ನಮ್ಮ ಸ್ಪ್ರೇಯರ್ ಗೇಜಿನ ಭಾಷೆಯಲ್ಲಿ ಸುಮಾರು 71 ಪಿಎಸ್‌ಐ. ಇನ್ನೊಂದು ಕ್ವಿಂಟಾಲ್ ಹೇರಿದಿರಿ ಅಂದರೆ ಅದೇ ಎತ್ತರದಲ್ಲಿ ನಿಲ್ಲೋಕೆ ಸುಮಾರು 89 ಪಿಎಸ್‌ಐ ಬೇಕು. ಆ ಹೆಚ್ಚಿನ ಗಾಳಿ ತುಂಬೋ ಕೆಲಸ ಗಾಡಿಯೇ ಮಾಡಿಕೊಳ್ಳುತ್ತೆ.

ಹೇಗೆ? ಹಿಂದಿನ ಆಕ್ಸಲ್‌ನಿಂದಲೋ ಸಸ್ಪೆನ್ಷನ್ ತೋಳಿನಿಂದಲೋ ಒಂದು ಸಣ್ಣ ಕಡ್ಡಿ ಬಾಡಿಗೆ ಕೂರಿಸಿದ ಸೆನ್ಸರ್‌ಗೆ ಹೋಗಿರುತ್ತೆ. ಗಾಡಿ ಕುಸಿದರೆ ಕಡ್ಡಿ ಸೆನ್ಸರ್ ತಿರುಗಿಸುತ್ತೆ, ಅದರಿಂದ ಬರುವ ವೋಲ್ಟೇಜ್ ಬದಲಾಗುತ್ತೆ. ಕಂಟ್ರೋಲ್ ಯೂನಿಟ್ ತಕ್ಷಣ ಏನೂ ಮಾಡಲ್ಲ. ಹಂಪ್ ಹತ್ತಿ ಇಳಿದಾಗಲೆಲ್ಲ ಗಾಳಿ ತುಂಬಿ ಬಿಡ್ತಾ ಕೂತರೆ ಕಂಪ್ರೆಸರ್ ವಾರಕ್ಕೇ ಸುಟ್ಟು ಹೋಗುತ್ತೆ. ಹಾಗಾಗಿ ಕೆಲವು ಸೆಕೆಂಡ್ ಕಾದು, ಎತ್ತರ ನಿಜವಾಗಲೂ ಇಳಿದೇ ನಿಂತಿದೆ ಅಂತ ಖಾತ್ರಿ ಮಾಡಿಕೊಂಡು ರಿಲೇ ಹಾಕುತ್ತೆ. 12 ವೋಲ್ಟ್‌ನ ಕಂಪ್ರೆಸರ್ ಓಡುತ್ತೆ, ಚೀಲದ ವಾಲ್ವ್ ತೆರೆಯುತ್ತೆ, ಗಾಡಿ ಏರುತ್ತೆ. ಕಡ್ಡಿ ಹಳೇ ಜಾಗಕ್ಕೆ ಬಂತು ಅಂದರೆ ವಾಲ್ವ್ ಬಂದ್. ಸಾಮಾನು ಇಳಿಸಿದರೆ ಇದರ ಉಲ್ಟಾ: ಹಿಂಭಾಗ ಎತ್ತರಕ್ಕೆ ಹೋಗುತ್ತೆ, ಹೊರಬಿಡುವ ವಾಲ್ವ್ ತೆರೆದು ಉಸ್ಸ್ ಅಂತ ಗಾಳಿ ಹೊರಗೆ.

ಟ್ರ್ಯಾಕ್ಟರ್ ಓಡಿಸುವವರಿಗೆ ಇದು ಹೊಸದಲ್ಲ. ಹೈಡ್ರಾಲಿಕ್ಸ್‌ನ ಪೊಸಿಷನ್ ಕಂಟ್ರೋಲ್ ಇದನ್ನೇ ಮಾಡೋದು. ಲಿವರ್ ಒಂದು ಕಡೆ ಇಟ್ಟರೆ, ಎಣ್ಣೆ ಸ್ವಲ್ಪ ಸೋರಿ ಕಲ್ಟಿವೇಟರ್ ಇಳಿದರೂ ಒಳಗಿನ ಲಿಂಕೇಜ್ ಅದನ್ನು ಹಿಡಿದು ಮತ್ತೆ ಅಷ್ಟೇ ಎತ್ತರಕ್ಕೆ ಏರಿಸುತ್ತೆ. ಅಲ್ಲಿ ಎಣ್ಣೆ, ಇಲ್ಲಿ ಗಾಳಿ. ಅಷ್ಟೂ ಬೇಡ, ಮನೆ ಮೇಲಿನ ಟ್ಯಾಂಕಿನ ಫ್ಲೋಟ್ ವಾಲ್ವ್ ನೆನಪು ಮಾಡ್ಕೊಳ್ಳಿ.

ಕಂಪ್ರೆಸರ್ ಪಕ್ಕ ಒಂದು ಸಣ್ಣ ಡಬ್ಬಿ ಇರುತ್ತೆ, ಡ್ರೈಯರ್ ಅಂತಾರೆ. ಬೀಜದ ಡಬ್ಬಿಯಲ್ಲಿ ಇಡುವ ಸಿಲಿಕಾ ಜೆಲ್ ಪೊಟ್ಟಣದ ಥರ ತೇವ ಹೀರುವ ಹರಳು ಅದರೊಳಗೆ ಇರುತ್ತೆ. ಗಾಳಿ ಒಳಗೆ ಹೋಗುವಾಗ ತೇವ ಅಲ್ಲೇ ಉಳಿಯುತ್ತೆ. ಗಾಳಿ ಹೊರಗೆ ಬರುವಾಗ ಅದೇ ಹರಳಿನ ಮೂಲಕ ವಾಪಸ್ ಹಾದು, ಹೀರಿಕೊಂಡಿದ್ದ ತೇವವನ್ನು ಹೊತ್ತುಕೊಂಡು ಹೋಗುತ್ತೆ. ಅಂದರೆ ಗಾಡಿ ಆಗಾಗ ಏರಿ ಇಳಿದರೇನೇ ಡ್ರೈಯರ್ ಚೆನ್ನಾಗಿರೋದು. ಎಲ್ಲೋ ಸೋರಿಕೆ ಇದ್ದು ಬರೀ ತುಂಬೋದೇ ಆದರೆ ಹರಳು ನೆನೆದು, ನೀರು ವಾಲ್ವ್‌ಗಳಿಗೆ ಹೋಗಿ ತುಕ್ಕು ಹಿಡಿಸುತ್ತೆ.

ಈಗ ಮುಖ್ಯ ವಿಷಯ. ಮಟ್ಟ ಸಮ ಇರೋದು ಚೆಂದಕ್ಕೆ ಮಾತ್ರ ಅಲ್ಲ. ಪಿಕಪ್‌ನ ಪಟ್ಟಾ ಪೂರ್ತಿ ಲೋಡ್ ಹೊರಲೇಬೇಕು, ಹಾಗಾಗಿ ಅದನ್ನು ಗಟ್ಟಿಯಾಗಿ ಮಾಡಿರ್ತಾರೆ. ಅರ್ಧ ಲೋಡ್ ಇದ್ದಾಗ ಅದೇ ಪಟ್ಟಾ ಕಲ್ಲಾಗುತ್ತೆ. ಖಾಲಿ ಪಿಕಪ್ ಹಿಂದೆ ಕೂತು ಊರಿಗೆ ಬಂದವರ ಸೊಂಟವನ್ನು ಕೇಳಿ. ಗಾಳಿ ಚೀಲದ ಗಡಸುತನ ಮಾತ್ರ ಒಳಗಿನ ಒತ್ತಡದ ಜೊತೆ ಹೆಚ್ಚು ಕಡಿಮೆ ಆಗುತ್ತೆ. ಭಾರ ಜಾಸ್ತಿ ಆದಾಗ ಒತ್ತಡ ಜಾಸ್ತಿ, ಸ್ಪ್ರಿಂಗ್ ಗಟ್ಟಿ. ಭಾರ ಇಳಿದಾಗ ಒತ್ತಡ ಕಡಿಮೆ, ಸ್ಪ್ರಿಂಗ್ ಮೆತ್ತಗೆ. ಎತ್ತರ ಒಂದೇ ಇರುವುದರಿಂದ ಖಾಲಿ ಇದ್ದರೂ ತುಂಬಿದ್ದರೂ ಗಾಡಿ ಕುಲುಕುವ ಲಯ ಹೆಚ್ಚುಕಮ್ಮಿ ಒಂದೇ. ಪಟ್ಟಾ ಇರುವ ಲಾರಿಗಳು ಸಾಮಾನ್ಯವಾಗಿ ಸೆಕೆಂಡಿಗೆ ಮೂರ್ನಾಲ್ಕು ಸಲ ಕುಟ್ಟುತ್ತವೆ. ಗಾಳಿ ಸಸ್ಪೆನ್ಷನ್ ಇದ್ದರೆ ಒಂದೂವರೆಯಿಂದ ಎರಡು ಸಲ, ಅದೂ ತೊಟ್ಟಿಲು ತೂಗಿದ ಹಾಗೆ.

ಹಣ್ಣಿಗೆ ಈ ವ್ಯತ್ಯಾಸ ದೊಡ್ಡದು. ಟೊಮೆಟೊ ಹಾಳಾಗೋದು ಬರೀ ಒಂದು ದೊಡ್ಡ ಹಂಪಿನಿಂದ ಅಲ್ಲ. ಐವತ್ತು ಅರವತ್ತು ಕಿಲೋಮೀಟರ್ ಪೂರ್ತಿ ಕ್ರೇಟಿನೊಳಗೆ ಒಂದಕ್ಕೊಂದು ಉಜ್ಜಿ, ಕುಪ್ಪಳಿಸಿ, ಗೋಡೆಗೆ ತಾಗಿ ಹಾಳಾಗುತ್ತೆ. ಹಿಂದಿನ ಆಕ್ಸಲ್ ಮೇಲೆ ಮತ್ತು ಅದಕ್ಕಿಂತ ಹಿಂದೆ ಇರುವ ಕ್ರೇಟುಗಳಿಗೆ, ಅದರಲ್ಲೂ ಮೇಲಿನ ಸಾಲಿಗೆ, ಪೆಟ್ಟು ಜಾಸ್ತಿ. ಹರಾಜಿನವನು ತೆರೆದು ನೋಡೋದು ಆ ಮೇಲಿನ ಸಾಲನ್ನೇ. ನೀವು ಎರಡು ತಿಂಗಳು ಸಾಕಿದ ಹಣ್ಣಿನ ದರ ಅಲ್ಲಿ ನಿರ್ಧಾರ ಆಗುತ್ತೆ.

ನಮ್ಮಲ್ಲಿ ಗಾಳಿ ಸಸ್ಪೆನ್ಷನ್ ಅನುಭವ ಎಲ್ಲರಿಗೂ ಇದೆ, ಹೆಸರು ಗೊತ್ತಿಲ್ಲ ಅಷ್ಟೆ. 2001ರಲ್ಲಿ ವೋಲ್ವೋ ಬಸ್ಸುಗಳು ಬಂದಾಗ "ಒಳಗೆ ನೀರು ಕುಡಿದರೂ ಚೆಲ್ಲಲ್ಲ" ಅಂತ ಜನ ಮಾತಾಡಿಕೊಂಡರಲ್ಲ, ಅದರಲ್ಲಿ ಈ ಗಾಳಿ ಚೀಲದ ಪಾಲು ದೊಡ್ಡದು. ಬಸ್ಸು, ಲಾರಿಗಳಲ್ಲಿ ಇದು ಇನ್ನೂ ಸರಳ. ಎಷ್ಟೋ ಗಾಡಿಗಳಲ್ಲಿ ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಒಂದು ಕಡ್ಡಿ ನೇರವಾಗಿ ಗಾಳಿಯ ವಾಲ್ವನ್ನೇ ತಿರುಗಿಸುತ್ತೆ. ಬ್ರೇಕಿಗೆ ಅಂತ ಎಂಜಿನ್ ಮೇಲೆ ಇರುವ ಕಂಪ್ರೆಸರ್‌ನಿಂದಲೇ ಗಾಳಿ. ಬ್ರೇಕಿನ ಗಾಳಿ ಖಾಲಿಯಾಗದ ಹಾಗೆ ಮಧ್ಯೆ ಒಂದು ಕಾವಲು ವಾಲ್ವ್.

ರೈತನಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳೋರಿಗೆ ಒಂದು ಹಳೇ ಕಥೆ ಹೇಳ್ತೀನಿ. ಫ್ರಾನ್ಸಿನ ಸಿಟ್ರೋಯೆನ್ ಕಂಪನಿ 1930ರ ದಶಕದಲ್ಲಿ ಹಳ್ಳಿಯವರಿಗೆ ಅಂತ ಒಂದು ಕಾರು ಮಾಡೋಕೆ ಹೊರಟಿತು. ಮುಖ್ಯಸ್ಥ ಪಿಯರ್ ಬೂಲಾಂಜೆ ಎಂಜಿನಿಯರುಗಳಿಗೆ ಕೊಟ್ಟ ಷರತ್ತು: ಇಬ್ಬರು ರೈತರು, 50 ಕೆಜಿ ಆಲೂಗಡ್ಡೆ ಹೊತ್ತು ಹೋಗಬೇಕು, ಉತ್ತ ಹೊಲದಲ್ಲಿ ಬುಟ್ಟಿ ಮೊಟ್ಟೆ ಇಟ್ಟುಕೊಂಡು ಓಡಿಸಿದರೂ ಒಂದೂ ಒಡೆಯಬಾರದು. ಅದೇ 1948ರಲ್ಲಿ ಹೊರಬಂದ 2ಸಿವಿ. ಅದರಲ್ಲಿ ಇದ್ದದ್ದು ಕಬ್ಬಿಣದ ಸ್ಪ್ರಿಂಗೇ, ಆದರೆ ಬಹಳ ಮೆತ್ತಗಿನದು. ಮೆತ್ತಗಿನ ಸ್ಪ್ರಿಂಗ್ ಭಾರ ಹಾಕಿದ ತಕ್ಷಣ ಕುಸಿಯುತ್ತೆ. ಆ ತೊಂದರೆಗೆ ಅದೇ ಕಂಪನಿಯ ಪಾಲ್ ಮಾಜೆಸ್ ಅನ್ನುವ ಎಂಜಿನಿಯರ್ ಉತ್ತರ ಹುಡುಕಿದ. ಗುಂಡಗಿನ ಲೋಹದ ಗೋಳದಲ್ಲಿ ನೈಟ್ರೋಜನ್, ಅದರ ಕೆಳಗೆ ಎಣ್ಣೆ. ಭಾರ ಬಿದ್ದರೆ ಪಂಪು ಎಣ್ಣೆ ತುಂಬಿ ಮಟ್ಟ ಸರಿ ಮಾಡುತ್ತೆ. 1954ರಲ್ಲಿ ಮೊದಲು ಒಂದು ಕಾರಿನ ಹಿಂದಿನ ಚಕ್ರಗಳಿಗೆ ಮಾತ್ರ ಹಾಕಿದರು, ಮುಂದಿನ ವರ್ಷ ಡಿಎಸ್ ಕಾರಿನಲ್ಲಿ ನಾಲ್ಕಕ್ಕೂ. ಮೊಟ್ಟೆ, ಆಲೂಗಡ್ಡೆಯ ಚಿಂತೆಯಿಂದ ಶುರುವಾದ ಕಂಪನಿಯ ಕೆಲಸ ಕೊನೆಗೆ ದೊಡ್ಡ ದೊಡ್ಡವರ ಕಾರಿಗೆ ಹೋಗಿ ಸೇರಿತು ನೋಡಿ. ನನ್ನ ತಕರಾರು ಇರೋದೂ ಅಲ್ಲೇ. ಒಂದೂವರೆ ಟನ್ ಹಣ್ಣು ಹೊರುವ ಪಿಕಪ್‌ಗೆ ಇಲ್ಲದ ಅನುಕೂಲ, ವಾರಕ್ಕೊಮ್ಮೆ ಸೂಟ್‌ಕೇಸ್ ಹೊರುವ ಎಸ್‌ಯುವಿಗೆ ಇದೆ.

ಹಾಗಂತ ಪಿಕಪ್‌ಗೆ ಪಟ್ಟಾ ಸೇರಿಸೋದು ಇದಕ್ಕೆ ಉತ್ತರ ಅಲ್ಲ. ನಾನೂ ಹಾಕಿಸಿದ್ದೆ, ಸುಳ್ಳು ಹೇಳಲ್ಲ. ಲೆಕ್ಕ ಹೀಗಿತ್ತು: 15 ಕೆಜಿ ಹಣ್ಣಿನ ಕ್ರೇಟ್ ನೂರು ಅಂದರೆ ಹಣ್ಣೇ 1,500 ಕೆಜಿ, ಮೇಲೆ ಖಾಲಿ ಕ್ರೇಟಿನ ತೂಕ, ಜೊತೆಗೆ ಇಬ್ಬರು ಹುಡುಗರು. ನನ್ನ ಗಾಡಿಯ ಪುಸ್ತಕದಲ್ಲಿ ಬರೆದಿದ್ದ ಮಿತಿ ಅಷ್ಟಕ್ಕೇ ದಾಟಿತ್ತು. ಆದರೂ ನೂರಿಪ್ಪತ್ತು ಹೇರಿ, ಬೆಳಗಿನ ಜಾವ ಮೂರು ಗಂಟೆಗೆ ಹೊರಟೆ. ಪಟ್ಟಾ ಸೇರಿಸಿದ್ದರೂ ಹಿಂಭಾಗ ಕುಸಿದೇ ಇತ್ತು. ಸ್ಟೇರಿಂಗ್ ಕೈಗೆ ಹಗುರ ಬಂದಿತ್ತು, ಮುಂದಿನ ಚಕ್ರಕ್ಕೆ ಹಿಡಿತ ಕಡಿಮೆ ಆಗಿದೆ ಅಂತ ಅದರ ಅರ್ಥ. ಹೆಡ್‌ಲೈಟು ರಸ್ತೆಗೆ ಬೀಳದೆ ಹುಣಸೆ ಮರದ ಎಲೆಗಳಿಗೆ ಬೀಳ್ತಿತ್ತು. ಎದುರಿಗೆ ಬಂದವರೆಲ್ಲ ಡಿಮ್ ಡಿಪ್ ಹೊಡೆದು ಬೈಕೊಂಡು ಹೋದರು. ರಸ್ತೆ ಪಕ್ಕ ಟಿವಿಎಸ್‌ಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ನಿಂತಿದ್ದ ಹಿರಿಯರೊಬ್ಬರು ನನಗೆ ಕಂಡಿದ್ದು ಹತ್ತಡಿ ಹತ್ತಿರ ಬಂದಾಗ. ಬ್ರೇಕ್ ತುಳಿದೆ, ಗಾಡಿ ನಿಲ್ಲಲಿಲ್ಲ. ಬಲಕ್ಕೆ ಎಳೆದೆ. ಎದುರಿಂದ ಯಾರೂ ಬರ್ತಿರಲಿಲ್ಲ, ಅಷ್ಟೇ ಪುಣ್ಯ. ಅವರು ಏನೂ ಅನ್ನದೆ ನನ್ನನ್ನೇ ನೋಡ್ತಾ ನಿಂತಿದ್ದರು. ಆ ನೋಟ ಈಗಲೂ ಮರೆತಿಲ್ಲ.

ಅವತ್ತು ಗೊತ್ತಾಗಿದ್ದು ಇಷ್ಟು. ಪಟ್ಟಾ ಸೇರಿಸಿದರೆ ಬ್ರೇಕ್ ದೊಡ್ಡದಾಗಲ್ಲ. ಟೈರ್ ಗಟ್ಟಿಯಾಗಲ್ಲ. ಆಕ್ಸಲ್, ವೀಲ್ ಬೇರಿಂಗ್, ಚಾಸಿ ಎಲ್ಲ ಅದೇ. ಗಾಳಿ ಸಸ್ಪೆನ್ಷನ್‌ಗೂ ಇದೇ ಮಾತು ಸಲ್ಲುತ್ತೆ: ಅದು ಮಟ್ಟ ಕಾಯುತ್ತೆ, ಹೊರುವ ಶಕ್ತಿ ಹೆಚ್ಚಿಸಲ್ಲ. ಇನ್ನೂ ಒಂದು ಅಪಾಯ ಅದರಲ್ಲಿದೆ. ಗಾಡಿ ಕುಸಿಯದೆ ಸಮ ನಿಂತಿದೆ ಅಂದ ತಕ್ಷಣ "ಇನ್ನೂ ಹತ್ತು ಹಾಕು" ಅನ್ಸುತ್ತೆ. ಕುಸಿತ ಅನ್ನೋದು ಗಾಡಿ ನಮಗೆ ಹೇಳುವ ಮಾತು, ಅದನ್ನು ಮುಚ್ಚಿಬಿಟ್ಟರೆ ತೂಕದ ಸೇತುವೆ ಒಂದೇ ದಾರಿ. ಕಾನೂನಿನ ಲೆಕ್ಕ ಬೇಕಾದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಮಿತಿ ಮೀರಿದ ಲೋಡಿಗೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂಪಾಯಿ ದಂಡ ಇದೆ. ಮೂವತ್ತು ಕ್ರೇಟಿನ ಲಾಭ ಎಷ್ಟು ಸಲ ಸೇರಿದರೆ ಅದಕ್ಕೆ ಸಮ ಆಗುತ್ತೆ, ನೀವೇ ಮೊಬೈಲಲ್ಲಿ ಒತ್ತಿ ನೋಡಿ.

ಈಗ ಆನ್‌ಲೈನಲ್ಲಿ ಸಿಗೋ ಏರ್ ಬ್ಯಾಗ್ ಕಿಟ್‌ಗಳ ವಿಷಯ, ರೀಲ್ಸ್‌ನಲ್ಲಿ ನೋಡಿ ಬಹಳ ಜನ ಕೇಳ್ತಾರೆ. ಪಟ್ಟಾ ಮತ್ತು ಚಾಸಿ ಮಧ್ಯೆ, ಇಲ್ಲಾ ಕಾಯಿಲ್ ಒಳಗೆ ಕೂರಿಸೋ ಚೀಲ ಅದು. ಸೆನ್ಸರ್ ಇಲ್ಲ, ತಾನೇ ಮಟ್ಟ ಹಿಡಿಯಲ್ಲ, ಟೈರ್ ಪಂಪಲ್ಲಿ ನೀವೇ ತುಂಬಬೇಕು. ಮಿತಿಯೊಳಗೆ ಲೋಡ್ ಹಾಕುವವರಿಗೆ ಕೆಟ್ಟದ್ದೇನಲ್ಲ. ಆದರೆ ಎರಡೂ ಚೀಲಕ್ಕೆ ಒಂದೇ ಪೈಪಿನಿಂದ ಟೀ ಹಾಕಿ ಜೋಡಿಸ್ತಾರೆ ನೋಡಿ, ಅದು ಬೇಡ. ತಿರುವಿನಲ್ಲಿ ಭಾರ ಬಿದ್ದ ಕಡೆಯ ಗಾಳಿ ಇನ್ನೊಂದು ಕಡೆಗೆ ಓಡಿ, ಗಾಡಿ ಇನ್ನಷ್ಟು ವಾಲುತ್ತೆ. ಎರಡಕ್ಕೂ ಬೇರೆ ಬೇರೆ ಪೈಪು, ಬೇರೆ ವಾಲ್ವ್ ಇರಲಿ. ಖಾಲಿ ಓಡಿಸುವಾಗ ಗಾಳಿ ಪೂರ್ತಿ ಬಿಡಬೇಡಿ, ರಬ್ಬರ್ ನಡುವೆ ಸಿಕ್ಕಿ ಹರಿಯುತ್ತೆ. ಕಿಟ್ ಜೊತೆ ಬಂದ ಹಾಳೆಯಲ್ಲಿ ಕನಿಷ್ಠ ಒತ್ತಡ ಬರೆದಿರುತ್ತೆ, ಅಷ್ಟು ಉಳಿಸಿ.

ಗೆಳೆಯನ ಎಸ್‌ಯುವಿಗೆ ವಾಪಸ್ ಬರೋಣ. ಸೆಕೆಂಡ್ ಹ್ಯಾಂಡಲ್ಲಿ ಇಂಥ ಗಾಡಿ ತಗೊಳ್ಳೋ ಆಸೆ ಇದ್ದರೆ ನನ್ನ ಸಲಹೆ ಒಂದೇ: ಹಿಂದಿನ ದಿನ ಸಂಜೆ ಗಾಡಿ ಸಮಕ್ಕೆ ನಿಲ್ಲಿಸಿ, ಟೈರ್ ಮೇಲಿನ ಫೆಂಡರ್ ಅಂಚಿನವರೆಗೆ ಟೇಪಲ್ಲಿ ಅಳೆದು ಫೋಟೋ ತೆಗೆದಿಟ್ಟುಕೊಳ್ಳಿ. ಬೆಳಗ್ಗೆ ಬೀಗ ತೆಗೆಯೋ ಮುಂಚೆ ಮತ್ತೆ ಅಳೆಯಿರಿ. ಎರಡು ಮೂರು ಸೆಂಟಿಮೀಟರ್‌ಗಿಂತ ಹೆಚ್ಚು ಇಳಿದಿದ್ದರೆ ಸೋರಿಕೆ ಇದೆ ಅಂತಲೇ ಅನುಮಾನಿಸಿ. ಮಾರೋರು ನೀವು ಬರೋ ಹೊತ್ತಿಗೆ ಎಂಜಿನ್ ಬಿಸಿ ಮಾಡಿ, ಗಾಡಿ ಎಬ್ಬಿಸಿ ಇಟ್ಟಿರ್ತಾರೆ.

ಗೆಳೆಯನಿಗೆ ನಾನು ಹೇಳಿದ್ದು, ಲಕ್ಷದ ಮಾತು ಆಮೇಲೆ, ಮೊದಲು ಸೋಪಿನ ನೀರು. ಸ್ಪ್ರೇ ಬಾಟಲಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ಗಾಡಿ ಎದ್ದು ನಿಂತಾಗ ಚೀಲದ ಮಡಿಕೆಗೆ, ಪೈಪಿನ ಜಾಯಿಂಟಿಗೆ ಹೊಡೆದರೆ ಗುಳ್ಳೆ ಏಳುತ್ತೆ. ಸೈಕಲ್ ಟ್ಯೂಬ್ ಬಕೆಟ್ಟಿನಲ್ಲಿ ಅದ್ದಿದ ಹಾಗೇ. ಆದರೆ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಓದಿಕೊಂಡು ಮುಂದೆ ಹೋಗಬೇಡಿ: ಬರೀ ಗಾಳಿ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು. ಚೀಲ ಒಡೆದರೆ, ಇಲ್ಲಾ ಸೆನ್ಸರ್ ತಪ್ಪು ತಿಳಿದು ಗಾಳಿ ಬಿಟ್ಟರೆ, ಎರಡು ಟನ್ ಗಾಡಿ ಎದೆ ಮೇಲೆ ಬರುತ್ತೆ. ಜಾಕ್ ಹಾಕಿದಾಗಲೂ ಅಷ್ಟೇ. ಗಾಡಿ ಎತ್ತರ ಆಯ್ತು ಅಂದುಕೊಂಡು ಸಿಸ್ಟಮ್ ಗಾಳಿ ಹೊರಬಿಡಬಹುದು, ಅದಕ್ಕೇ ಪುಸ್ತಕದಲ್ಲಿ ಜಾಕ್ ಮೋಡ್ ಅಂತ ಇದ್ದರೆ ಮೊದಲು ಅದನ್ನು ಹಾಕಬೇಕು. ಕಬ್ಬಿಣದ ಸ್ಟ್ಯಾಂಡ್ ಚಾಸಿಗೆ ಕೊಟ್ಟ ಮೇಲೆ ಮಾತ್ರ ತಲೆ ಒಳಗೆ ಹಾಕಿ, ಇಲ್ಲ ಅಂದರೆ ಗ್ಯಾರೇಜಿನ ಲಿಫ್ಟ್ ಮೇಲೇ ಮಾಡಿಸಿ.

ಅವನದು ಲಿಫ್ಟ್ ಮೇಲೆ ಮಾಡಿಸಿದೆವು. ಎಡಗಡೆ ಚೀಲದ ಕೆಳಮಡಿಕೆಯಲ್ಲಿ ಹುಲ್ಲೆಸಳಿನಷ್ಟು ಬಿರುಕು. ಸುತ್ತ ಕೆಸರು ಒಣಗಿ ಉಪ್ಪು ಕಾಗದದ ಥರ ಆಗಿತ್ತು. ಹೊಲದ ದಾರಿಯಲ್ಲಿ ಓಡಿಸಿದ ಮೇಲೆ ಆ ಜಾಗಕ್ಕೆ ಪೈಪಿನಲ್ಲಿ ನೀರು ಬಿಟ್ಟು ತೊಳೆದಿದ್ದರೆ ಇನ್ನೂ ಸ್ವಲ್ಪ ವರ್ಷ ಬರ್ತಿತ್ತೇನೋ. ಕಂಪ್ರೆಸರ್ ಇನ್ನೂ ಜೀವಂತ ಇತ್ತು. ಎರಡೂ ಚೀಲ ಜೋಡಿಯಾಗಿ ಬದಲಾಯಿಸಿ, ರಿಲೇ ಹೊಸದು ಹಾಕಿಸಿದ. ಮೊದಲು ಹೇಳಿದ ಲಕ್ಷದಲ್ಲಿ ಅರ್ಧವೂ ಆಗಲಿಲ್ಲ. ಕೆಲವು ಸಲ ಇಷ್ಟೂ ಇರಲ್ಲ, ಸೆನ್ಸರ್‌ಗೆ ಹೋಗುವ ಆ ಪುಟ್ಟ ಕಡ್ಡಿಯ ಪ್ಲಾಸ್ಟಿಕ್ ಗುಂಡಿ ಕಳಚಿರುತ್ತೆ ಅಷ್ಟೇ. ಸೋರಿಕೆ ಇಟ್ಟುಕೊಂಡೇ ಓಡಿಸಿದವರದ್ದು ಬೇರೆ ಕಥೆ. ಕಂಪ್ರೆಸರ್ ಪದೇ ಪದೇ ಓಡಿ ಬಿಸಿಯಾಗಿ ಸುಟ್ಟು ಹೋಗುತ್ತೆ, ಆಮೇಲೆ ನಿಜವಾಗಲೂ ದೊಡ್ಡ ಬಿಲ್. ಕಾಯಿಲ್ ಹಾಕಿಸೋದು ಮಹಾಪಾಪ ಅಂತ ನಾನು ಹೇಳಲ್ಲ. ಹತ್ತು ಹನ್ನೆರಡು ವರ್ಷದ ಗಾಡಿಗೆ ಅದೇ ಸರಿ ಇರಬಹುದು, ಆದರೆ ಮಟ್ಟ ಹಿಡಿಯೋ ಗುಣ ಹೋಗುತ್ತೆ, ಡ್ಯಾಶ್‌ಬೋರ್ಡಲ್ಲಿ ಎಚ್ಚರಿಕೆ ದೀಪ ಉರೀತಾ ಇರುತ್ತೆ ಅಂತ ಗೊತ್ತಿದ್ದು ಮಾಡಿಸಿ.

ಪಿಕಪ್ ತಯಾರಿಸುವ ಕಂಪನಿಗಳು ಕಡ್ಡಿ ವಾಲ್ವಿನ ಸರಳ ಗಾಳಿ ಸಸ್ಪೆನ್ಷನ್ ಒಂದು ಆಯ್ಕೆಯಾಗಿ ಕೊಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಶೋರೂಮಿಗೆ ಹೋದಾಗ ನಾವು ಮ್ಯೂಸಿಕ್ ಸಿಸ್ಟಮ್, ಪವರ್ ವಿಂಡೋ ಕೇಳ್ತೀವಿ, ಹಣ್ಣಿನ ಬಗ್ಗೆ ಒಂದು ಪ್ರಶ್ನೆ ಕೇಳಲ್ಲ. ಹತ್ತು ಜನ ಎಫ್‌ಪಿಓ ಕಡೆಯಿಂದ ಒಟ್ಟಿಗೆ ಗಾಡಿ ತಗೊಳ್ಳುವಾಗ ಕೇಳಿ ನೋಡಿ. ಅಲ್ಲಿಯವರೆಗೆ ನಾನು ಮಾಡ್ತಿರೋದು ಇಷ್ಟೇ: ಚೆನ್ನಾಗಿ ಹಣ್ಣಾದ ಕ್ರೇಟು ಕ್ಯಾಬಿನ್ ಪಕ್ಕ ಕೆಳಗಿನ ಸಾಲಿಗೆ, ದೋರಗಾಯಿ ಹಿಂದಕ್ಕೆ ಮತ್ತು ಮೇಲಕ್ಕೆ. ಕ್ರೇಟು ಕುಪ್ಪಳಿಸದ ಹಾಗೆ ಹಗ್ಗ ಬಿಗಿ. ಟೈರಿಗೆ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ ಬರೆದಷ್ಟೇ ಗಾಳಿ. ಕಾರಿನಲ್ಲಿ ಹಿಂದೆ ಭಾರ ಇದ್ದಾಗ ಸ್ಟೇರಿಂಗ್ ಪಕ್ಕದ 0, 1, 2, 3 ಅಂತ ಇರುವ ಹೆಡ್‌ಲೈಟ್ ಚಕ್ರವನ್ನು ತಿರುಗಿಸಿ ಬೆಳಕು ಕೆಳಗಿಳಿಸುತ್ತೇನೆ. ಅದು ಯಾಕಿದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ನೂರಿಪ್ಪತ್ತು ಕ್ರೇಟು ಇದ್ದ ದಿನ ಈಗ ಎರಡು ಟ್ರಿಪ್. ಡೀಸೆಲ್ ಜಾಸ್ತಿ ಆಗುತ್ತೆ, ನಿಜ. ಹೆಚ್ಚುವರಿ ಪಟ್ಟಾ ಎರಡನ್ನೂ ಬಿಚ್ಚಿಸಿ ಊರಿನ ಕುಲುಮೆಗೆ ಕೊಟ್ಟೆ. ಒಳ್ಳೇ ಉಕ್ಕು, ನಾಲ್ಕು ಮಚ್ಚು ಆದವು. ಒಂದು ಗೆಳೆಯ ತಗೊಂಡು ಹೋದ.